ಬೀಗರ ಪಾರಿವಾಳಕ್ಕೆ ಉಪಚಾರ

ಇವತ್ತು ಬೆಳಿಗ್ಗೆ ಹತ್ತಕ್ಕೆ ಬಾಲ್ಕನಿಗೆ ಬಲೆ ಹಾಕುವವನು ಬಂದ. ನನ್ನ ಸೊಸೆ ಸ್ಮಿತಾ ಮೊಬೈಲಿನಲ್ಲೇ ಅವನನ್ನು ಬುಕ್ ಮಾಡಿ, ಬ್ಯಾಂಕಿಗೆ ಹೊರಡುವಾಗ, "ಅತ್ತೀ, ಪಾರಿವಾಳದ ಮ್ಯಾಲೆ ಕನಿಕರ ತೋರಿಸಿ ಬಲೆ ಹಾಕವನ್ನ ವಾಪಸ್ ಕಳಸಬ್ಯಾಡ್ರಿ, ಪ್ಲೀಸ್" ಎಂದು ಎಚ್ಚರಿಸಿ ಹೋಗಿದ್ದಳು. ಅವನು ಏ.ಸಿ. ಪೆಟ್ಟಿಗೆಯ ಹಿಂದೆ ಕೈಹಾಕಿ ಕಡ್ಡಿ, ಪುಕ್ಕ, ಒಣಗಿದ ಹಿಕ್ಕೆ ಎಲ್ಲವನ್ನೂ ಒಟ್ಟಿಗೆ ಈಚೆಗೆಳೆದ.

"ಅಮ್ಮಾರ, ಮೂಗು ಮುಚ್ಚಿಕೊಳ್ರಿ."

ಮುಚ್ಚಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ, ಇನ್ನೊಮ್ಮೆ ಮೂಸಿದೆ. ನೀವು ಹೀಗೆ ಮುಖ ಸಿಂಡರಿಸಬೇಡಿ. ನಲವತ್ತು ಪಾರಿವಾಳಗಳಿರುವ ಮನೆಗೆ ಸೊಸೆಯಾಗಿ ಹೋಗಿದ್ದರೆ ನೀವೂ ಮೂಸುತ್ತಿದ್ದಿರಿ. ಬಿಸಿಲಿಗೆ ಕಾದ ಪುಕ್ಕ, ಜೋಳದ ಹೊಟ್ಟು, ಸ್ವಲ್ಪ ಸುಣ್ಣ. ನನಗೆ ಅದು ಮಾವನವರ ವಾಸನೆ.

ಐವತ್ತು ವರ್ಷಗಳ ಹಿಂದಿನ ಮಾತು. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದ ನಾನು, ಎಕ್ಸ್‌ಕ್ಯೂಸ್ ಮಿ, ಥ್ಯಾಂಕ್ಯೂ ಎನ್ನುತ್ತ ಹೊಸಪೇಟೆಯ ಈ ಓಣಿಗೆ ಬಂದಿಳಿದೆ. ಮಾವನವರು ಕಾಲುವೆ ಕಚೇರಿಯಲ್ಲಿ ಗುಮಾಸ್ತರು. ಆದರೆ ಅದು ಹೊಟ್ಟೆಪಾಡು. ಅವರ ನಿಜವಾದ ಆಫೀಸು ಮಾಳಿಗೆಯ ಮೇಲಿತ್ತು. ಗೋಡೆಗೆ ಅಡ್ಡಡ್ಡ ಕಟ್ಟಿದ ಮಡಕೆಗಳು, ಮಡಕೆಗೊಂದು ಜೋಡಿ. ಬೆಳಿಗ್ಗೆ ಅಲ್ಲಿ ನಿಂತು ಶಿಳ್ಳೆ ಹಾಕಿದರೆ ಆಕಾಶವೇ ತಿರುಗಿ ಬಂದಂತೆ ಹಕ್ಕಿಗಳು ಇಳಿಯುತ್ತಿದ್ದವು. ಹೆಸರಿಡುವ ಕೆಲಸವನ್ನು ಅವರು ನನಗೆ ವಹಿಸಿದರು. ಕುತ್ತಿಗೆ ಮುಂದೆ ಚಾಚಿ, ಎಲ್ಲರನ್ನೂ ಅನುಮಾನದಿಂದ ನೋಡುತ್ತ ನಡೆಯುತ್ತಿದ್ದ ದಪ್ಪ ಬೂದು ಹೆಣ್ಣಿಗೆ, ನಮ್ಮ ಕಾನ್ವೆಂಟಿನ ಹಿರಿಯ ಸನ್ಯಾಸಿನಿಯ ನೆನಪಿಗೆ, ಮದರ್ ಸುಪೀರಿಯರ್ ಎಂದಿಟ್ಟೆ. ಎಲ್ಲಕ್ಕಿಂತ ವೇಗದ, ಕೆಂಪುಗಣ್ಣಿನ ಬಿಳಿ ಹಕ್ಕಿ ರೋಸಿ. ಕಾಲುವೆ ಕಚೇರಿಯವರು ಕೇಳಿದರೆ ಮಾವನವರು, "ನಮ್ಮ ಸೊಸಿ ಇಟ್ಟಾಳ, ಇಂಗ್ಲಿಷ್ ಹೆಸರು" ಎಂದು ಮೀಸೆ ತಿರುವುತ್ತಿದ್ದರು.

ಮೀಸೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅದು ಇರುವುದಿಲ್ಲ. ಎರಡು ಅಳಿಲುಗಳು ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ ಹಾಗಿತ್ತು. ದಿನಾ ಕೊಬ್ಬರಿ ಎಣ್ಣೆ, ಪುಟ್ಟ ಬಾಚಣಿಗೆ. ಅತ್ತೆಯವರು ಮದುವೆಯಾದಾಗಿನಿಂದ ಆ ಮೀಸೆಯ ಕೆಳಗಿನ ತುಟಿ ನೋಡಿರಲಿಲ್ಲವಂತೆ.

ಅಷ್ಟೇ ದೊಡ್ಡ ಮೀಸೆ ಇನ್ನೊಂದಿತ್ತು, ಕಂಪ್ಲಿಯಲ್ಲಿ. ನನ್ನ ನಾದಿನಿ ಗಿರಿಜಾಳ ಮಾವ, ಅಂದರೆ ನಮ್ಮ ಬೀಗರು. ಅವರ ಮಾಳಿಗೆಯ ಮೇಲೂ ಪಾರಿವಾಳ. ಗಿರಿಜಾಳ ಸಂಬಂಧ ಕುದುರಿದ್ದೇ ಜಾತಕದಿಂದಲ್ಲ, ಪಾರಿವಾಳದಿಂದ ಎಂದು ನನ್ನ ಯಜಮಾನರು ನಗುತ್ತಿದ್ದರು. ಬೀಗರಿಬ್ಬರೂ ಸೇರಿದರೆ ಸಾಕು:

"ನಿಮ್ಮವು ಹಾರತಾವೇನ್ರಿ ಬೀಗರ, ಇಲ್ಲಾ ಕೋಳಿ ಹಂಗ ನಡೀತಾವೋ?"

"ನಿಮ್ಮವುಗಳ ಹಂಗ ಅಲ್ಲರೀ. ನಿಮ್ಮವು ಹಾರಿದ್ರ ದಾರಿ ಕೇಳಾಕ ನಮ್ಮ ಮನೀಗೆ ಬರ್ತಾವ."

ಇದು ಬೆಳೆದು ಬೆಳೆದು ಪಂಥವಾಯಿತು. ಬೀಗರ ಹಕ್ಕಿ ಸರದಾರನನ್ನು ನಮ್ಮ ಮಾಳಿಗೆಯಿಂದ ಬಿಡುವುದು. ನಮ್ಮ ರೋಸಿಯನ್ನು ಕಂಪ್ಲಿಯಿಂದ ಬಿಡುವುದು. ಎರಡೂ ಕಡೆ ಸರಿಯಾಗಿ ಒಂಬತ್ತಕ್ಕೆ. ಯಾರ ಹಕ್ಕಿ ಮೊದಲು ತನ್ನ ಮನೆ ಸೇರುತ್ತದೋ ಅವರು ಗೆದ್ದಂತೆ. ಹನ್ನೆರಡರೊಳಗೆ ಬರದಿದ್ದರೆ ಆ ಹಕ್ಕಿ ಸೋತಂತೆ. ಸೋತವರು ಮೀಸೆ ಬೋಳಿಸಬೇಕು.

ಹೊಸಪೇಟೆಯ ಕಡೆ ಗಡಿಯಾರ ನೋಡುವವರು ಯಾರು? ಬೀಗರೇ ನನ್ನತ್ತ ಕೈ ತೋರಿಸಿದರು. "ಕಾನ್ವೆಂಟ್ನಾಗ ಓದಿದಾಕಿ ಅದಾಳಲ್ರೀ, ಅಕೀ ಸುಳ್ಳು ಹೇಳಂಗಿಲ್ಲ. ಅಕೀ ಕೈಗಡಿಯಾರಾನ ನನಗ ಪ್ರಮಾಣ." ನಾನು ಅಂಪೈರ್! ಆ ಹೆಮ್ಮೆಯಲ್ಲಿ ನನಗೆ ಎರಡು ದಿನ ಊಟ ಸೇರಲಿಲ್ಲ.

ಈಗ ನನ್ನ ಪಾಪದ ಹಿನ್ನೆಲೆ. ಅದಕ್ಕೆ ಒಂದು ತಿಂಗಳ ಮುಂಚೆ ಇದೇ ಬೀಗರು ಊಟಕ್ಕೆ ಬಂದಿದ್ದಾಗ ಹೋಳಿಗೆ ಬಡಿಸುವ ಸರದಿ ನನ್ನದು. ಒಂದು ಹಾಕಿದೆ. ಇನ್ನೊಂದು ಹಾಕಲೇ ಎಂದೆ. ಅವರು ಎಲೆಗೆ ಕೈ ಅಡ್ಡ ಹಿಡಿದು "ಸಾಕವ್ವಾ" ಎಂದರು. ನನ್ನ ಕಾನ್ವೆಂಟಿನಲ್ಲಿ ಸಾಕು ಎಂದರೆ ಸಾಕು. ಒತ್ತಾಯ ಮಾಡುವುದು ಬ್ಯಾಡ್ ಮ್ಯಾನರ್ಸ್. ನಾನು ಪೊಲೈಟಾಗಿ ಹೋಳಿಗೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅಡುಗೆಮನೆಯಲ್ಲಿ ಅತ್ತೆಯವರು ಕುಸಿದು ಕೂತರು. "ಬೀಗರನ್ನ ಒಂದs ಹೋಳಿಗಿ ಮ್ಯಾಲೆ ಎಬ್ಬಿಸಿದೆಲ್ಲವ್ವಾ! ಮೂರು ಸಲ ಹೇಳಬೇಕು, ಕೈ ಸರಿಸಿ ಹಾಕಬೇಕು! ಕಂಪ್ಲಿ ತುಂಬಾ ನಮ್ಮ ಮರ್ಯಾದಿ ಹೋತು!" ಒಂದು ತಿಂಗಳು ನಾನು ಆ ಹೋಳಿಗೆಯನ್ನು ಮಂಚದ ಮೇಲೂ ಹೊರಳಿಸಿ ಹೊರಳಿಸಿ ಬೇಯಿಸಿದೆ.

ಪಂಥದ ಹಿಂದಿನ ಸಂಜೆ ಬೀಗರು ಸರದಾರನನ್ನು ಬುಟ್ಟಿಯಲ್ಲಿ ತಂದು ಬಿಟ್ಟು ಹೋದರು. ಮರುದಿನ ಮೊದಲ ಬಸ್ಸಿಗೆ ಮಾವನವರು ರೋಸಿಯನ್ನು ಬುಟ್ಟಿಯಲ್ಲಿ ಹಿಡಿದು ಕಂಪ್ಲಿಗೆ ಹೊರಟರು. ನಾನು ಮಾಳಿಗೆ ಹತ್ತಿ ನೋಡಿದರೆ ಸರದಾರ ಬುಟ್ಟಿಯ ಸಂದಿಯಿಂದ ಒಂದೇ ಕಣ್ಣಿನಲ್ಲಿ ನನ್ನನ್ನು ನೋಡುತ್ತಿದ್ದಾನೆ. ಬೀಗರ ಮನೆಯವನು! ಮೊದಲ ಸಲ ಬಂದವನು! ಬರೀ ಹೊಟ್ಟೆಯಲ್ಲಿ ಕಳಿಸಿದರೆ ಮತ್ತೆ ಕಂಪ್ಲಿಯಲ್ಲಿ ಮರ್ಯಾದೆಯ ಪ್ರಶ್ನೆ.

ಮೊದಲು ಜೋಳ ಹಾಕಿದೆ. ತಿಂದ. ನೆನೆಸಿದ ಕಡಲೆ ಹಾಕಿದೆ. ತಿಂದ. "ಇನ್ನೊಂಚೂರು ತಗೊಳ್ರಿ" ಎಂದು ಶೇಂಗಾ ಜಜ್ಜಿ ಹಾಕಿದೆ. ಬೀಗರಂತೆ ಅವನು ಕೈ ಅಡ್ಡ ಹಿಡಿಯಲಿಲ್ಲ. ಇಷ್ಟು ಚಂದ ಉಪಚಾರ ಮಾಡಿಸಿಕೊಂಡ ಅತಿಥಿಯನ್ನು ನಾನು ಮುಂದೆಯೂ ಕಂಡಿಲ್ಲ.

ಒಂಬತ್ತಕ್ಕೆ, ಸೆಕೆಂಡಿನ ಮುಳ್ಳು ನೋಡಿ, ಬುಟ್ಟಿ ತೆರೆದೆ. ಸರದಾರ ಹೊರಬಂದ. ರೆಕ್ಕೆ ಬಡಿದ. ಎದುರು ಮನೆಯ ಬೇವಿನ ಮರದವರೆಗೆ ಹಾರಿದ. ಅಲ್ಲಿ ಕೂತು ಎರಡು ಸಲ ತೂಕಡಿಸಿ, ಮತ್ತೆ ನಮ್ಮ ಮಾಳಿಗೆಗೇ ಇಳಿದು, ನೆಟ್ಟಗೆ ನಡೆದು, ರೋಸಿಯ ಮಡಕೆಯೊಳಗೆ ಹೋಗಿ ಮಲಗಿಬಿಟ್ಟ. ಕೋಲಿನಿಂದ ತಿವಿದೆ. "ಗೋ ಹೋಮ್!" ಎಂದು ಇಂಗ್ಲಿಷಿನಲ್ಲಿ ಗದರಿದೆ. ಮದರ್ ಸುಪೀರಿಯರ್ ಬಂದು ನನ್ನನ್ನು ತಿರಸ್ಕಾರದಿಂದ ನೋಡಿ ಹೋದಳು. ಮಾಳಿಗೆಯ ಕಟ್ಟೆಗೆ ಬಂದು ಕೂತ ನನ್ನ ಯಜಮಾನರನ್ನು, ಇದು ಯಾಕೆ ಹಾರುತ್ತಿಲ್ಲ ಎಂದು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಹೊಟ್ಟಿ ತುಂಬಿದ ಹಕ್ಕಿ ಯಾಕ ಮನೀಗೆ ಹೋಗತೈತಿ? ಅದಕ್ಕ ಅಪ್ಪ ಹಾರಿಸೋ ದಿನ ಒಂದು ಕಾಳೂ ಹಾಕಂಗಿಲ್ಲ."

ನನ್ನ ಕೈಯಲ್ಲಿ ಇನ್ನೂ ಶೇಂಗಾ ಇತ್ತು.

ಹನ್ನೆರಡಾಯಿತು. ರೋಸಿಯೂ ಬರಲಿಲ್ಲ. ಸಂಜೆಯ ಬಸ್ಸಿಗೆ ಮಾವನವರು ಬಂದರು. ಒಂದು ಕೈಯಲ್ಲಿ ಬುಟ್ಟಿ, ಅದರಲ್ಲಿ ರೋಸಿ. ಇನ್ನೊಂದು ಕೈ ಬಾಯಿಗೆ ಹಿಡಿದ ಟವೆಲ್ಲಿನ ಮೇಲೆ. ಅತ್ತೆಯವರು ಟವೆಲ್ ಎಳೆದರು. ಅಳಿಲುಗಳು ಇರಲಿಲ್ಲ. ಅಲ್ಲೊಂದು ಬೆಳ್ಳಗಿನ, ಪುಟ್ಟ, ನಾಚಿಕೆಯ ತುಟಿ. ಅತ್ತೆಯವರು ಯಾರೋ ಪರಪುರುಷನನ್ನು ಕಂಡವರ ಹಾಗೆ ಸೆರಗು ಎಳೆದುಕೊಂಡರು.

ರೋಸಿ ಬೀಗರ ಮಾಳಿಗೆ ಬಿಟ್ಟು ಕದಲಲೇ ಇಲ್ಲವಂತೆ. ಸರದಾರನೂ ಬರಲಿಲ್ಲ. ಇಬ್ಬರೂ ಸೋತರು. ಇಬ್ಬರೂ ಅಕ್ಕಪಕ್ಕ ಕೂತು ಬೋಳಿಸಿಕೊಂಡರು.

"ನೀನು ಹೇಳವ್ವಾ. ಸರದಾರನ್ನ ಎಷ್ಟಕ್ಕ ಬಿಟ್ಟಿ?"

"ನೈನ್ ಶಾರ್ಪ್, ಮಾವಾ."

"ಮತ್ತ ಎಲ್ಲಿ ಹೋತು?"

ಮೇಲೆ ರೋಸಿಯ ಮಡಕೆಯಿಂದ ಸರದಾರ ಗುಟುರ್‌ಗೂ ಎಂದ. ಕಾನ್ವೆಂಟಿನ ಹುಡುಗಿ ಸುಳ್ಳು ಹೇಳುವುದಿಲ್ಲ. "ಹಾರಿತು ಮಾವಾ. ತಿರುಗಿ ಇಲ್ಲೇ ಬಂತು" ಎಂದೆ. ಪ್ರತಿ ಅಕ್ಷರವೂ ನಿಜ. ಕಡಲೆ, ಶೇಂಗಾ ನನ್ನ ಗಂಟಲಿನಲ್ಲೇ ಉಳಿದವು. ಇನ್ನೇನು ಅದನ್ನೂ ಹೇಳಬೇಕು, ಅಷ್ಟರಲ್ಲಿ ಮಾವನವರ ಬೋಳು ತುಟಿ ಅರಳಿತು. "ನೋಡಿದೇನs! ಬೀಗರ ಹಕ್ಕಿಗೆ ತನ್ನ ಮನಿಗಿಂತ ನಮ್ಮ ಮನಿ ಹಿಡಿಸೇತಿ!" ಓಣಿಗೆಲ್ಲ ಹೇಳಿಕೊಂಡು ಬಂದರು, ಬೋಳು ಮುಖದಲ್ಲೇ. ಅಷ್ಟು ಸುಖವಾಗಿದ್ದವರ ಮುಂದೆ ಶೇಂಗಾದ ಸುದ್ದಿ ಹೇಗೆ ತೆಗೆಯಲಿ? ನಾಳೆ ಹೇಳೋಣ ಎಂದುಕೊಂಡೆ. ಮೀಸೆ ಬೆಳೆಯಿತು, ಆದರೆ ಮೊದಲಿನ ಸೊಕ್ಕು ಅದಕ್ಕೆ ಬರಲಿಲ್ಲ. ನಾನು ನಾಳೆ ನಾಳೆ ಎನ್ನುವಷ್ಟರಲ್ಲಿ ಮಾವನವರೇ ಹೋಗಿಬಿಟ್ಟರು.

ಬಲೆಯವನು ಡ್ರಿಲ್ ತರಲು ಕೆಳಗಿಳಿದಿದ್ದ. ಆ ವಾಸನೆ ಅರ್ಥವಾಗುವವಳು ನನ್ನ ಬಿಟ್ಟರೆ ಈಗ ಭೂಮಿಯ ಮೇಲೆ ಒಬ್ಬಳೇ ಇದ್ದಾಳೆ. ಕಂಪ್ಲಿಗೆ ಫೋನ್ ಮಾಡಿದೆ. ಹಲೋ ಕೂಡ ಸರಿಯಾಗಿ ಹೇಳದೆ, ಒಂದೇ ಉಸಿರಿನಲ್ಲಿ, "ಗಿರಿಜಾ, ನಿಮ್ಮ ಸರದಾರಗ ಅವತ್ತು ನಾನು ಕಾಳು ಹಾಕಿದ್ದೆ. ನಿಮ್ಮ ಮಾವನ ಮೀಸೆ ಹೋದದ್ದು ನನ್ನಿಂದ" ಎಂದೆ.

ಆ ಕಡೆಯಿಂದ ಏನೋ ಗೊರಗೊರ ಸದ್ದು.

"ಹಲೋ? ಗಿರಿಜಾ?"

"ಅದೀನಿ ಅತ್ತಿಗಿ." ನಗುತ್ತಿದ್ದಾಳೋ, ಕೆಮ್ಮುತ್ತಿದ್ದಾಳೋ ತಿಳಿಯಲಿಲ್ಲ. "ರೋಸಿಗೆ ನಾನು ಹಾಕಿದ್ದೆ."

"ನೀನಾ? ನಿನಗ ಗೊತ್ತಿರಲಿಲ್ಲೇನು, ಕಾಳು ಹಾಕಬಾರದು ಅಂತ?"

"ಪಾರಿವಾಳದ ಮನಿಯಾಗ ಹುಟ್ಟೀನಿ, ಗೊತ್ತಿರಂಗಿಲ್ಲೇನು? ಗೊತ್ತಿದ್ದs ಹಾಕೀನಿ. ಅದು ಹಾರಿ ಹೋಗಿದ್ರ ಅಪ್ಪನೂ ಅದರ ಬೆನ್ನಿಗೇ ಬಸ್ ಹತ್ತತಿದ್ದ. ಮದುವಿ ಆಗಿ ವರ್ಷ ಆಗಿತ್ತು, ಒಂದ ದಿನಾನೂ ನಮ್ಮ ಮನಿಯಾಗ ಅರ್ಧ ತಾಸಿನ ಮ್ಯಾಲೆ ಕುಂತಿದ್ದಿಲ್ಲ. ಅವತ್ತು ಸಂಜೀತನಕ ಕುಂತ. ಎರಡು ಸಲ ಚಾ ಕುಡದ. ಮೀಸಿ ಇಲ್ದ ಅಪ್ಪನ್ನ ನೋಡಿ ಅಡಗಿಮನಿಯಾಗ ಹೋಗಿ ನಕ್ಕು ನಕ್ಕು ಅತ್ತುಬಿಟ್ಟೆ, ಅತ್ತಿಗಿ."

ಆಮೇಲೆ ಅವಳೇ, "ಹಂಗಾರ ಒಬ್ಬೊಬ್ಬರಿಗೆ ಒಂದೊಂದು ಮೀಸಿ ಆತು ಬಿಡು" ಎಂದಳು. ಎಪ್ಪತ್ತು ದಾಟಿದ ಹೆಂಗಸರು ಹಾಗೆ ನಗಬಾರದು. ಡ್ರಿಲ್ ಹಿಡಿದು ಬಂದವನು ಬಾಗಿಲಲ್ಲೇ ನಿಂತ.

ಅವನಿಗೆ ಸೋಮವಾರ ಬಾ ಎಂದು ಹೇಳಿ ಕಳಿಸಿದೆ. ಸ್ಮಿತಾ ಬಂದು ಕೇಳಿದರೆ ಈ ಸಲ ಪೂರ್ತಿ ನಿಜವನ್ನೇ ಹೇಳುತ್ತೇನೆ. ಗಿರಿಜಾ ನಾಳೆ ಬೆಳಗಿನ ಬಸ್ಸಿಗೆ ಬರುತ್ತಾಳಂತೆ. ಸಂಜೆಯ ಬಸ್ಸಿಗೆ ವಾಪಸ್ ಹೋಗಲೇಬೇಕಂತೆ. ಹೋಳಿಗೆಗೆ ಬೇಳೆ ತೆಗೆದಿಟ್ಟಿದ್ದೇನೆ.

ನೋಡೋಣ.