ಮುಚ್ಚಳದ ಲೋಟ

ಹೆಂಡತಿ ತೀರಿಕೊಂಡ ಮೇಲೆ ನನಗೆ ಮೊದಲು ಗೊತ್ತಾದದ್ದು, ಈ ಮನೆಯಲ್ಲಿ ಸಾಸಿವೆ ಡಬ್ಬ ಎಲ್ಲಿದೆ ಎಂದು ನನಗೆ ತಿಳಿದಿಲ್ಲ ಎನ್ನುವುದು. ಕುಲಶೇಖರದ ಈ ಮನೆಯಲ್ಲಿ ನಾನು ಮೂವತ್ತು ವರ್ಷ ಕಳೆದಿದ್ದೇನೆ. ಚಿಲಕ, ಪಂಪು, ಫ್ಯೂಸು ಎಲ್ಲ ನನ್ನ ಕೈಯಲ್ಲೇ ರಿಪೇರಿಯಾದದ್ದು. ಆದರೂ ಅಡುಗೆಮನೆಗೆ ಹೋದರೆ ಮೂರು ಡಬ್ಬ ತೆರೆದ ಮೇಲೆ ನಾಲ್ಕನೆಯದರಲ್ಲಿ ಸಾಸಿವೆ ಸಿಗುತ್ತದೆ. ಮಾರನೆಯ ದಿನಕ್ಕೆ ಅದೂ ಮರೆತುಹೋಗಿರುತ್ತದೆ.

ಮನೆ ಅವಳದು, ಅವಳ ತಾಯಿಯಿಂದ ಬಂದದ್ದು. ನಾವು ಅಳಿಯಸಂತಾನದವರು. ಹಿಂದೆ ನಮ್ಮಲ್ಲಿ ಆಸ್ತಿಯೆಲ್ಲ ಹೆಣ್ಣಿನ ಕಡೆಯಿಂದಲೇ ಇಳಿಯುತ್ತಿತ್ತು. ಗಂಡಸಿಗೆ ಏನಿದ್ದರೂ ಅಕ್ಕತಂಗಿಯರ ಮನೆಯಲ್ಲಿ ಅಧಿಕಾರ, ಹೆಂಡತಿಯ ಮನೆಯಲ್ಲಿ ಮರ್ಯಾದೆ. ಕಾನೂನು ಬಂದು ಆ ಕಟ್ಟೆಲ್ಲ ಹೋಯಿತು. ಈಗ ಮಗಳು ಮೈಸೂರಿನಿಂದ ಫೋನು ಮಾಡಿ, "ಅಪ್ಪ, ಮನೆ ನಿಮ್ಮದೇ. ಯಾರೂ ಎಂತದೂ ಕೇಳುದಿಲ್ಲ, ನೀವು ಆರಾಮ ಇರಿ" ಎನ್ನುತ್ತಾಳೆ. ಒಳ್ಳೆಯ ಹುಡುಗಿ. ಆದರೆ ಆರಾಮ ಇರುವುದು ಹೇಗೆ ಎಂದು ಅವಳಿಗೂ ಗೊತ್ತಿಲ್ಲ.

ಬೆಳಿಗ್ಗೆ ಒಂದು ಲೋಟ ಚಹಾ ಮಾಡಿಕೊಂಡು ಸಿಟೌಟಿನಲ್ಲಿ ಕೂರುತ್ತೇನೆ. ಹಾಲಿನವನು ಬಂದು ಹೋಗುತ್ತಾನೆ, ಪೇಪರಿನವನು ಬಂದು ಹೋಗುತ್ತಾನೆ. ಆಮೇಲೆ ಸಂಜೆಯವರೆಗೆ ಗೇಟಿನ ಸದ್ದಿಲ್ಲ. ಹಾಗೆ ಕೂತಾಗಲೆಲ್ಲ ಸುಮಾತ್ರದ ಒಬ್ಬ ಮುದುಕ ನೆನಪಾಗುತ್ತಾನೆ.

ನಾನು ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಅಕ್ಕಿ ಗಿರಣಿಯ ಯಂತ್ರ ಮಾಡುವ ಕಾರ್ಖಾನೆ. ಒಮ್ಮೆ ನಮ್ಮ ಒಂದು ಯಂತ್ರ ಇಂಡೋನೇಷ್ಯಾಕ್ಕೆ ಹೋಯಿತು. ಅದನ್ನು ಕೂರಿಸಿ ಕೊಟ್ಟು ಬರಲಿಕ್ಕೆ ನನ್ನನ್ನು ಕಳಿಸಿದರು. ಮೂರು ತಿಂಗಳ ಕೆಲಸ ಎಂದಿದ್ದರು. ಬಿಡಿಭಾಗ ಬಾರದೆ ಎಂಟು ತಿಂಗಳಾಯಿತು. ಮಗಳು ಆಗ ಆರನೇ ಕ್ಲಾಸಿನಲ್ಲಿದ್ದಳು.

ಅದು ಪಶ್ಚಿಮ ಸುಮಾತ್ರದ ಗುಡ್ಡದ ಬುಡದ ಹಳ್ಳಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು, ಅವುಗಳ ಮಧ್ಯೆ ಎರಡು ತುದಿಯೂ ಕೋಣದ ಕೊಂಬಿನಂತೆ ಮೇಲಕ್ಕೆ ಬಾಗಿದ ಮಾಡಿನ ಮನೆಗಳು. ಮನೆಯ ಎದುರು ಕಂಬಗಳ ಮೇಲೆ ನಿಂತ ಭತ್ತದ ಕಣಜ. ಹೋದ ದಿನವೇ ನಾನು ಕೆಸರಿಗೆ ಬಗ್ಗಿ ಮೂಸಿದ್ದೆ. ನಮ್ಮ ಗದ್ದೆಯದೇ ವಾಸನೆ. ಊರಿನವರು ನಕ್ಕರು.

ನನಗೆ ಉಳಿಯಲು ಕೊಟ್ಟದ್ದು ಒಬ್ಬ ಹೆಂಗಸಿನ ಮನೆಯ ಹೊರಕೋಣೆ. ಅರುವತ್ತು ದಾಟಿದ ಗಟ್ಟಿ ಹೆಂಗಸು. ಅವಳ ಗಂಡನೇ ನಾನು ಹೇಳಿದ ಮುದುಕ. ಇಬ್ಬರು ಹೆಣ್ಣುಮಕ್ಕಳು, ಅಳಿಯಂದಿರು ಅದೇ ಮನೆಯಲ್ಲಿದ್ದರು. ಮುದುಕನಿಗೂ ನನಗೂ ಇಬ್ಬರಿಗೂ ಗೊತ್ತಿದ್ದ ಮಾತು ಹೆಚ್ಚೆಂದರೆ ಮೂವತ್ತು. ಅಕ್ಕಿ, ನೀರು, ಮಳೆ, ಕೋಣ, ಸಾಕು, ಇನ್ನೂ ಸ್ವಲ್ಪ. ಇಷ್ಟರಲ್ಲೇ ಎಂಟು ತಿಂಗಳು ಹರಟೆ ಹೊಡೆದೆವು. ಹೆಂಡತಿಯ ಜೊತೆ ನಾನು ಅಷ್ಟು ಮಾತಾಡಿದ್ದು ಕಡಿಮೆ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಕಾಫಿ ಕೊಡುವಾಗ ನನ್ನ ಲೋಟಕ್ಕೆ ಒಂದು ಮುಚ್ಚಳ ಇಡುತ್ತಿದ್ದರು. ನಾನು ಹೊರಗಿನವನು, ಸರಿ. ಆದರೆ ಮುದುಕನ ಲೋಟಕ್ಕೂ ಮುಚ್ಚಳ! ಅದೇ ಆ ಹೆಂಗಸಿನ ಅಣ್ಣ ಬಂದರೆ ನೇರ ಅಡುಗೆಮನೆಗೆ ನುಗ್ಗಿ, ಪಾತ್ರೆಗಳ ಬಾಯಿ ತೆರೆದು ನೋಡಿ, ಕೈಗೆ ಸಿಕ್ಕಿದ ಲೋಟದಲ್ಲಿ ಸುರಿದು ಕುಡಿಯುತ್ತಿದ್ದ. ಅವನಿಗೆ ಮುಚ್ಚಳವೂ ಇಲ್ಲ, ತಟ್ಟೆಯೂ ಇಲ್ಲ.

ಊರಿನ ಶಾಲೆಯಲ್ಲಿ ಇಂಗ್ಲಿಷು ಕಲಿಸುವ ಒಬ್ಬ ಮೇಷ್ಟ್ರಿದ್ದರು. ಅವರನ್ನು ಕೇಳಿದೆ. ಅವರು ವಿವರಿಸಿದರು. ಅಲ್ಲಿ ಮನೆ, ಗದ್ದೆ, ಕಣಜ ಎಲ್ಲ ತಾಯಿಯಿಂದ ಮಗಳಿಗೆ. ಅದನ್ನು ಮಾರುವಂತಿಲ್ಲ. ಮಗಳಿಗೆ ಮದುವೆಯಾದರೆ ಗಂಡ ಬಂದು ಅವಳ ಮನೆಯಲ್ಲಿರುತ್ತಾನೆ, ದುಡಿಯುತ್ತಾನೆ, ಆದರೆ ಕೊನೆಯವರೆಗೂ ನೆಂಟನೇ. ನೆಂಟನಿಗೆ ಮುಚ್ಚಳ, ಮನೆಯವನಿಗೆ ಬರೀ ಲೋಟ. ಮುದುಕ ಆ ಮನೆಗೆ ಬಂದು ನಲವತ್ತು ವರ್ಷ ಮೀರಿತ್ತು. ನಲವತ್ತು ವರ್ಷದ ಮುಚ್ಚಳ!

ನಾನು ಉಬ್ಬಿಹೋದೆ. "ನಮ್ಮಲ್ಲೂ ಹೀಗೆಯೇ ಮಾರಾಯ್ರೆ!" ಎಂದು ಅಳಿಯಸಂತಾನದ ಕತೆಯನ್ನು ಉಪ್ಪು ಖಾರ ಹಚ್ಚಿ ಹೇಳಿದೆ. ಮೇಷ್ಟ್ರಿಗೆ ಭಾರೀ ಖುಷಿ. "ಹಾಗಾದರೆ ನಿಮ್ಮ ತಾಯಿಯ ಗದ್ದೆ ಈಗ ನಿಮ್ಮ ತಂಗಿಯದಲ್ಲವೆ?" ಎಂದು ಕೇಳಿದರು. ನಾನು ಹೌದು ಎಂದೆ.

ಸುಳ್ಳು ಹೇಳಿದ್ದೆ. ತಾಯಿಯ ಪಾಲಿಗೆ ಬಂದಿದ್ದ ಗದ್ದೆ ಮತ್ತು ಹಂಚಿನ ಸಣ್ಣ ಮನೆ ಬೈಕಂಪಾಡಿಯ ಒಳಗಡೆ ಇತ್ತು. ತಾಯಿ ಸತ್ತ ಮೇಲೆ ನನಗೂ ತಂಗಿಗೂ ಅದರಲ್ಲಿ ಸಮಪಾಲು. ತಂಗಿ ಮದುವೆಯಾದವಳಲ್ಲ. ಸುಳ್ಯದ ಕಡೆ ಟೀಚರಾಗಿದ್ದಳು, ಬಾಡಿಗೆ ಕೋಣೆಯಲ್ಲಿದ್ದಳು. ರಜೆಯಲ್ಲಿ ಬಂದು ಆ ಮನೆಯ ಬೀಗ ತೆಗೆದು, ಗುಡಿಸಿ ಒರೆಸಿ, ನಾಲ್ಕು ದಿನ ಇದ್ದು ಹೋಗುತ್ತಿದ್ದಳು. ಸುಮಾತ್ರಕ್ಕೆ ಹೊರಡುವ ಮುಂಚೆ ನಾನು ಅವಳಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿದ್ದೆ. ಜಾಗದ ವ್ಯವಹಾರವನ್ನೆಲ್ಲ ಅವಳ ಪರವಾಗಿ ನಾನೇ ಮಾಡಬಹುದು ಎನ್ನುವ ಕಾಗದ. ಅವಳು ಓದಲೂ ಇಲ್ಲ. ಪೆನ್ನು ಮುಚ್ಚುತ್ತಾ ಒಂದೇ ಮಾತು ಹೇಳಿದಳು:

"ರಿಟೈರ್ ಆದ್ಮೇಲೆ ನಾನು ಇಲ್ಲೇ ಬಂದು ಇರ್ತೇನೆ ಆಯ್ತಾ? ಮನೆ ಬೀಳದ ಹಾಗೆ ನೋಡ್ಕೊ."

"ನಿನ್ನ ಮನೆ ಅಲ್ವಾ ಅದು? ನನ್ನ ಹತ್ರ ಎಂತ ಕೇಳುದು?" ಎಂದಿದ್ದೆ ನಾನು.

ಆರನೇ ತಿಂಗಳಲ್ಲಿ ಹೆಂಡತಿಯ ಫೋನು ಬಂತು. ಗೋದಾಮು ಕಟ್ಟುವವರೊಬ್ಬರು ನಮ್ಮ ಜಾಗ ಕೇಳುತ್ತಿದ್ದಾರೆ, ನಾನು ಬಂದ ಕೂಡಲೇ ಮಾತು ಕೊಡಬೇಕಂತೆ. "ತಂಗಿಗೆ ಹೇಳ್ಬೇಕಾ?" ಎಂದು ಅವಳು ಕೇಳಿದಳು. ಬಂದ ಮೇಲೆ ನೋಡುವ ಎಂದೆ.

ಅದರ ಹಿಂದೆಯೇ ಮುದುಕನ ಹೆಂಡತಿ ತೀರಿಕೊಂಡಳು. ಗದ್ದೆಯಿಂದ ಬಂದು ಕೈಕಾಲು ತೊಳೆದು ಮಲಗಿದವಳು ಏಳಲಿಲ್ಲ. ಅದೇ ದಿನ ಮಣ್ಣು ಮಾಡಿದರು. ಏಳು ದಿನ ಪ್ರಾರ್ಥನೆ, ಊಟ, ಜನವೋ ಜನ. ಮುದುಕ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ. ಮಗಳು ಕಾಫಿ ತಂದಿಡುತ್ತಿದ್ದಳು, ಮುಚ್ಚಳ ಹಾಕಿಯೇ. ಅವನು ಮುಚ್ಚಳ ತೆಗೆಯದೆ ಹಾಗೇ ಬಿಡುತ್ತಿದ್ದ.

ಎಂಟನೆಯ ದಿನ ಬೆಳಿಗ್ಗೆ ಅವನ ಅಕ್ಕ ಬಂದಳು. ಬೆನ್ನು ಬಾಗಿದ ಮುದುಕಿ, ಕೈಯಲ್ಲೊಂದು ಕಪ್ಪು ಕೊಡೆ, ಹಿಂದೆ ಇಬ್ಬರು ನೆಂಟರು. ಬಾಗಿಲಲ್ಲಿ ಕೂತು ವೀಳ್ಯ ಹಾಕಿ ಏನೋ ಮಾತಾಡಿದಳು. ಹೆಣ್ಣುಮಕ್ಕಳು ಅಳುತ್ತಾ ಒಳಗಿನಿಂದ ಮುದುಕನ ಸಾಮಾನು ತಂದಿಟ್ಟರು. ಒಂದು ಹಾರೆ, ಒಂದು ಚಾಪೆ, ಖಾಲಿ ಹಕ್ಕಿಪಂಜರ, ಬಟ್ಟೆಯ ಗಂಟಿನಲ್ಲಿ ಎರಡು ಅಂಗಿ. ನಲವತ್ತು ವರ್ಷದ ದುಡಿಮೆ ಅಂಗಳದಲ್ಲಿ ಒಂದು ಚಾಪೆಯಷ್ಟು ಜಾಗ ಹಿಡಿಯಿತು. ಅಲ್ಲಿಯ ಕ್ರಮವೇ ಅದು. ಹೆಂಡತಿ ಇಲ್ಲದ ಮೇಲೆ ಗಂಡನಿಗೆ ಆ ಮನೆಯಲ್ಲಿ ಏನು ಕೆಲಸ?

ನನಗೆ ಸಿಟ್ಟು ಮೂಗಿನ ಮೇಲೆಯೇ. ಗಿರಣಿಗೆ ಹೊರಟವನು ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಎಸೆದು, ನನ್ನ ಮೂವತ್ತು ಮಾತುಗಳಲ್ಲೇ ಆ ಹೆಣ್ಣುಮಕ್ಕಳಿಗೆ ಬಾಯಿಗೆ ಬಂದಂತೆ ಬೈದೆ. ಇದು ಅಪ್ಪನ ಮನೆ, ಅಪ್ಪನ ಗದ್ದೆ, ನೀವು ಕೆಟ್ಟವರು, ಕೆಟ್ಟವರು. ದೊಡ್ಡ ಮಗಳು ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಮುದುಕನೇ ಎದ್ದು ಬಂದು ನನ್ನ ಭುಜ ತಟ್ಟಿ, ನಾಚಿಕೆಯಿಂದ ನಕ್ಕು, "ಪುಲಾಂಗ್" ಎಂದ. ಮನೆಗೆ ಮರಳುವುದಕ್ಕೆ ಅವರು ಹೇಳುವ ಮಾತು ಅದು. ತನ್ನನ್ನು ಯಾರೂ ಹೊರಹಾಕುತ್ತಿಲ್ಲ, ತಾನು ಮನೆಗೆ ಹೋಗುತ್ತಿದ್ದೇನೆ ಎಂದು ನನಗೆ ತಿಳಿಸಿ ಹೇಳಬೇಕಾಗಿ ಬಂತು ಅವನಿಗೆ, ಅದೂ ಹೆಂಡತಿ ಸತ್ತ ಎಂಟನೆಯ ದಿನ.

ಅಕ್ಕ ಕೊಡೆ ಹಿಡಿದು ಮುಂದೆ ನಡೆದಳು. ಅವನು ಹಾರೆ ಹೊತ್ತು ಹಿಂದೆ. ಗದ್ದೆಯ ಬದುವಿನಲ್ಲಿ ಇಬ್ಬರೂ ಸಣ್ಣದಾಗುತ್ತಾ ಹೋದರು.

ವಾರ ಬಿಟ್ಟು ಅವನನ್ನು ನೋಡಲು ಹೋದೆ. ದೂರವೇನಿಲ್ಲ, ನಾಲ್ಕು ಗದ್ದೆ ದಾಟಿದರೆ ಅಕ್ಕನ ಮನೆ. ಅವನು ಹುಟ್ಟಿದ ಮನೆಯೂ ಅದೇ. ಮುದುಕಿ ನನಗೆ ಮುಚ್ಚಳದ ಲೋಟದಲ್ಲಿ ಕಾಫಿ ಕೊಟ್ಟಳು. ತಮ್ಮನ ಮುಂದೆ ಅಂಚು ಒಡೆದ ಒಂದು ಲೋಟ ಕುಕ್ಕಿ, ಕೆಸರು ಕಾಲಲ್ಲಿ ಒಳಗೆ ಬಂದದ್ದಕ್ಕೆ ಜೋರಾಗಿ ಬೈದಳು. ಬೈಗುಳ ಯಾವ ಭಾಷೆಯಾದರೂ ಅರ್ಥವಾಗುತ್ತದೆ. ಮುದುಕ ನನ್ನ ಮುಚ್ಚಳ ನೋಡಿದ, ತನ್ನ ಒಡಕು ಲೋಟ ಎತ್ತಿ ತೋರಿಸಿದ, ಕಣ್ಣು ಮಿಟುಕಿಸಿದ.

ಅವನು ಸುಖವಾಗಿದ್ದ ಎಂದು ನಾನು ಹೇಳುವುದಿಲ್ಲ. ಸಂಜೆಯಾದರೆ ಎತ್ತರದ ಬದುವಿಗೆ ಹೋಗಿ ನಿಲ್ಲುತ್ತಿದ್ದ. ಅಲ್ಲಿಂದ ಹೆಂಡತಿಯ ಮನೆಯ ಮಾಡು ಕಾಣುತ್ತಿತ್ತು. ಗಿರಣಿಯಿಂದ ಬರುವಾಗ ನಾನು ಕೈ ಬೀಸಿದರೂ ಅವನಿಗೆ ಕಾಣುತ್ತಿರಲಿಲ್ಲ. ಕತ್ತಲಾಗುತ್ತಿದ್ದಂತೆ ಅಕ್ಕನ ಕೂಗು ಕೇಳುತ್ತಿತ್ತು, ಅವನು ಇಳಿದು ಹೋಗುತ್ತಿದ್ದ. ಒಂದು ದಿನವೂ ಆ ಕೂಗು ತಪ್ಪಿದ್ದನ್ನು ನಾನು ಕಾಣೆ.

ಇಷ್ಟೆಲ್ಲ ಕಣ್ಣಾರೆ ನೋಡಿ ಬಂದವನು ನಾನು. ಬಂದ ತಿಂಗಳೊಳಗೆ ತಾಯಿಯ ಜಾಗ ಮಾರಿದೆ. ಕಾರಣಗಳಿದ್ದವು, ಅಂಥ ಹೊತ್ತಿನಲ್ಲಿ ಕಾರಣಕ್ಕೆ ಬರವಿರುವುದಿಲ್ಲ. ತಂಗಿಯ ಪಾಲನ್ನು ಪೈಸೆ ಬಿಡದೆ ಕೊಟ್ಟೆ. ದುಡ್ಡಿನಲ್ಲಿ ಮೋಸ ಮಾಡಲಿಲ್ಲ ಎಂದು ಹೇಳಿಕೊಂಡೇ ಎಷ್ಟೋ ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದೇನೆ. ಆದರೆ ಮಾರುವ ಮುಂಚೆ ಅವಳಿಗೆ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ ಎಂದು ಗೊತ್ತಿದ್ದೇ ಹೇಳಲಿಲ್ಲ. ದಸರಾ ರಜೆಗೆ ಅವಳು ಬೀಗದ ಕೈ ಹಿಡಿದುಕೊಂಡು ಬಸ್ಸಿಳಿದು ಹೋದಾಗ, ಮನೆಯ ಹಂಚನ್ನು ಲಾರಿಗೆ ತುಂಬುತ್ತಿದ್ದರಂತೆ. ಅವಳು ಜಗಳ ಮಾಡಲಿಲ್ಲ. ಮುಂದಿನ ಬಸ್ಸಿಗೆ ವಾಪಸು ಹೋದಳು. ಬೀಗದ ಕೈಯನ್ನು ಅಂಚೆಯಲ್ಲಿ ನನಗೆ ಕಳಿಸಿಕೊಟ್ಟಳು.

ಆಮೇಲೆ ಮದುವೆ, ಸತ್ತವರ ಬೊಜ್ಜ ಎಂದು ಸಿಕ್ಕಾಗ ಚೆನ್ನಾಗಿಯೇ ಮಾತಾಡುತ್ತಿದ್ದಳು. ನಿವೃತ್ತಳಾಗಿ ಕಾವೂರಿನಲ್ಲಿ ಒಂದು ಫ್ಲ್ಯಾಟ್ ಕೊಂಡು ಒಬ್ಬಳೇ ಇದ್ದಾಳೆ. ನನ್ನ ಹೆಂಡತಿ ಸತ್ತಾಗ ಬಂದಳು, ಮಗಳನ್ನು ತಬ್ಬಿ ಅತ್ತಳು, ಹದಿಮೂರನೆಯ ದಿನ ಊಟ ಮಾಡಿ ಹೋದಳು. ನಿಜ ಹೇಳಬೇಕೆಂದರೆ ಹದಿನಾಲ್ಕನೆಯ ದಿನ ನಾನು ಗೇಟಿನ ಕಡೆ ನೋಡುತ್ತಾ ಕೂತಿದ್ದೆ. ಯಾರಾದರೂ ಕೊಡೆ ಹಿಡಿದು ಬಂದು, ಏಳು ಹೋಗುವ ಎನ್ನುತ್ತಾರೋ ಎಂದು. ಯಾಕೆ ಬರುತ್ತಾರೆ? ಕರೆದುಕೊಂಡು ಹೋಗಲು ಇದ್ದ ಮನೆಯನ್ನು ನಾನೇ ಗೋದಾಮಿಗೆ ಕೊಟ್ಟಿದ್ದೆ.

ಒಂದು ವರ್ಷ ಹಾಗೇ ಕಳೆಯಿತು. ಕಳೆದ ತಿಂಗಳು ಒಂದು ಭಾನುವಾರ ಮನಸ್ಸು ಗಟ್ಟಿ ಮಾಡಿದೆ. ಬಟ್ಟೆಯ ಚೀಲಕ್ಕೆ ಎರಡು ಅಂಗಿ, ಒಂದು ಪಂಚೆ ತುರುಕಿ ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿ ಕಾವೂರಿಗೆ ಹೋದೆ. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ನಾಲ್ಕು ದಿನ ಇಲ್ಲೇ ಇರಲಾ? ಅಷ್ಟೇ ಮಾತು. ನಾಲ್ಕು ದಿನ ಆದ ಮೇಲೆ ಅವಳು ಹೋಗು ಅನ್ನಲಿಕ್ಕಿಲ್ಲ. ಕೆರೆಯ ಹತ್ತಿರ ಗಾಡಿ ನಿಲ್ಲಿಸಿ ಮತ್ತೊಮ್ಮೆ ಹೇಳಿಕೊಂಡೆ. ಚೀಲವನ್ನು ಗಾಡಿಯಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದವಳು ಒಂದು ಗಳಿಗೆ ನೋಡಿದಳು. "ಬಾ ಬಾ. ಫೋನು ಮಾಡಿದ್ರೆ ಎಂತಾದ್ರೂ ಮಾಡಿಡ್ತಿದ್ದೆ" ಎಂದಳು. ಕೂತೆ. ಮನೆ ಚೊಕ್ಕಟವಾಗಿತ್ತು. ಗೋಡೆಯಲ್ಲಿ ತಾಯಿಯ ಫೋಟೋ, ಅದಕ್ಕೆ ಹೊಸ ಮಲ್ಲಿಗೆ. ಒಳಗೆ ಪಾತ್ರೆಯ ಸದ್ದಾಯಿತು. ಒಂದು ಒಡಕು ಲೋಟ ತಂದು ಕುಕ್ಕಲಿ, ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ಬೈಯಲಿ ಎಂದು ಬೇಡಿಕೊಂಡೆ.

ಅವಳು ಸ್ಟೀಲಿನ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಪಕ್ಕದಲ್ಲಿ ಒಂದು ಲೋಟ ನೀರು ತಂದು ನನ್ನ ಮುಂದಿಟ್ಟಳು.

ನಮ್ಮ ತಾಯಿ ಹಾಗೆ ಮಾಡುತ್ತಿದ್ದಳು. ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಬೆಲ್ಲ, ನೀರು. ಆಮೇಲೆ ಮಾತು. ನೆಂಟರಿಗೆ, ಪರವೂರಿನವರಿಗೆ, ಮೊದಲ ಸಲ ಬಂದವರಿಗೆ. ಶಾಲೆಯಿಂದ ಓಡಿ ಬಂದ ನಮ್ಮಿಬ್ಬರಿಗೆ ಒಂದು ದಿನವೂ ತಟ್ಟೆಯಲ್ಲಿ ಇಟ್ಟು ಕೊಟ್ಟವಳಲ್ಲ. ನಾವು ಬಾವಿಕಟ್ಟೆಯ ಚೆಂಬಿನಿಂದ ಎತ್ತಿ ಕುಡಿಯುತ್ತಿದ್ದೆವು.

ತಂಗಿ ಎದುರಿನ ಕುರ್ಚಿಯಲ್ಲಿ ಕೂತು ನಗುತ್ತಾ, "ತಗೋ" ಎಂದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದೆ. ಬಾಯಿಪಾಠ ಮಾಡಿದ ಮಾತಿನ ಬದಲು, ಇಲ್ಲಿ ನೀರು ಸರಿಯಾಗಿ ಬರುತ್ತದಾ ಎಂದು ಕೇಳಿದೆ.

ಅರ್ಧ ಗಂಟೆ ಅವರಿವರ ವಿಷಯ ಮಾತಾಡಿ ಎದ್ದೆ. ಕೆಳಗಿನವರೆಗೂ ಬಂದು ಬೀಳ್ಕೊಟ್ಟಳು. ಕೊಕ್ಕೆಯಲ್ಲಿ ನೇತಾಡುತ್ತಿದ್ದ ಚೀಲ ಅವಳ ಕಣ್ಣಿಗೆ ಬಿತ್ತು.

"ಅದೆಂತ ಚೀಲ?"

"ಎಂತ ಇಲ್ಲ, ಇಸ್ತ್ರಿಗೆ ಕೊಡ್ಲಿಕ್ಕೆ ಎರಡು ಅಂಗಿ ಉಂಟು" ಎಂದೆ.

"ಇವತ್ತು ಭಾನುವಾರ ಅಲ್ವಾ? ಇಸ್ತ್ರಿಯವನಿಗೆ ರಜೆ" ಎಂದಳು ಅವಳು.

ಹೌದಲ್ಲ, ಮರೆತೇಹೋಯಿತು ಎಂದು ಗಾಡಿ ಸ್ಟಾರ್ಟ್ ಮಾಡಿದೆ.