ನಲ್ಲಿಗೆ ಕಟ್ಟಿದ ಬಟ್ಟೆ

ಬೆಳಿಗ್ಗೆ ಪಕ್ಕದ ಮನೆಯವರು ಸಂಪು ತೊಳೆಸುತ್ತಿದ್ದರು. ಕಾಂಪೌಂಡು ದಾಟಿ ಬಂದ ಬ್ಲೀಚಿಂಗ್ ಪೌಡರ್ ವಾಸನೆಗೆ ಮನೆಯವರೆಲ್ಲ ಮೂಗು ಮುಚ್ಚಿಕೊಂಡರೆ ನಾನು ಕಿಟಕಿ ತೆರೆದು ನಿಂತೆ. ನಗಬೇಡಿ. ಆ ವಾಸನೆ ಬಂದರೆ ನನಗೆ ವಸುಧಾ ನೆನಪಾಗುತ್ತಾಳೆ.

ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಅವಳು. ಬಳಸಿದ ಬಾಟಲಿಗಳನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುತ್ತಿದ್ದುದರಿಂದ ಅವಳ ಕೋಣೆಯಲ್ಲಿ ಸದಾ ಇದೇ ವಾಸನೆ. ಕುಡಿಯುವ ನೀರು ಮನೆಯೊಳಗೆ ಬಂದ ಮೇಲೆ ಎಲ್ಲಿ ಕೆಡುತ್ತದೆ, ಅದರಿಂದ ಮಕ್ಕಳಿಗೆ ಬರುವ ಭೇದಿಯನ್ನು ಕಡಿಮೆ ಖರ್ಚಿನಲ್ಲಿ ತಡೆಯುವುದು ಹೇಗೆ ಎಂಬುದು ಅವಳ ಸಂಶೋಧನೆ. ಬಡ ದೇಶಗಳಿಗೆಲ್ಲ ಉಪಯೋಗವಾಗುತ್ತದೆ ಎನ್ನುತ್ತಿದ್ದಳು. ತಿಲಕ್ ನಗರದ ಮನೆಮನೆ ಸುತ್ತಿ ಪುಟ್ಟ ಬಾಟಲಿಗಳಲ್ಲಿ ನೀರು ತರುತ್ತಿದ್ದಳು. ಒಮ್ಮೆ ಅವಳ ಫ್ರಿಜ್ ಕೆಟ್ಟು, ಆ ಬಾಟಲಿಗಳು ನಮ್ಮ ಫ್ರಿಜ್‌ನಲ್ಲಿ ಮೊಸರಿನ ಪಕ್ಕ ಬಂದು ಕೂತವು. ಅಮ್ಮ ಎಷ್ಟೋ ದಿನ ಮೊಸರು ಮುಟ್ಟಲಿಲ್ಲ. ವಸುಧಾ ಊಟಕ್ಕೆ ಇಳಿದು ಬರದಿದ್ದರೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದವಳೂ ಅದೇ ಅಮ್ಮ.

ಅಮ್ಮ ಅಡುಗೆಮನೆಯ ನಲ್ಲಿಯ ಬಾಯಿಗೆ ಅಪ್ಪನ ಹಳೇ ಪಂಚೆಯ ತುಂಡೊಂದನ್ನು ಮಡಿಸಿ ಕಟ್ಟುತ್ತಿದ್ದಳು. ನಿಮ್ಮ ಮನೆಯಲ್ಲೂ ಕಟ್ಟಿರುತ್ತಾರೆ ಬಿಡಿ. ಹಬ್ಬಕ್ಕೊಮ್ಮೆ ಬದಲಾಗುತ್ತಿದ್ದ ಆ ಬಟ್ಟೆ ಒಣಗಿದ್ದನ್ನು ನಾನು ಕಂಡೇ ಇಲ್ಲ. ಅದರಲ್ಲಿ ಸೋಸಿ ಬಂದ ನೀರು ಅಮ್ಮನ ಪಾಲಿಗೆ ಗಂಗಾಜಲ, ಕಾಯಿಸುವ ಮಾತೇ ಇಲ್ಲ. ಇತ್ತ ನನ್ನ ಪುಟ್ಟ ಮಗಳಿಗೆ ಪದೇ ಪದೇ ಹೊಟ್ಟೆ ಕೆಡುತ್ತಿತ್ತು. ಅಮ್ಮ ಪಾನಿಪುರಿಯವನನ್ನು ಬಯ್ಯುತ್ತಿದ್ದಳು, ಮಗು ಪಾನಿಪುರಿ ತಿಂದೇ ಇರಲಿಲ್ಲ. ಆಮೇಲೆ ದೃಷ್ಟಿ ತೆಗೆದಳು. ಮಗು ಬಾಡುತ್ತಲೇ ಹೋಯಿತು. ನನಗೆ ದಿಕ್ಕೇ ತೋಚದೆ ಭಯವಾಗಿತ್ತು.

ವಸುಧಾ ನಮ್ಮ ನಲ್ಲಿಯಿಂದಲೂ ನೀರು ಹಿಡಿದಳು, ಬಟ್ಟೆ ಬಿಚ್ಚಿ ಒಂದು ಬಾಟಲಿ, ಕಟ್ಟಿ ಇನ್ನೊಂದು. ನೀರಿನಲ್ಲಿ ಹೊಲಸಿನ ಕ್ರಿಮಿ ಇದ್ದರೆ ಬಾಟಲಿಯೊಳಗಿನ ಔಷಧಿ ಕಾಗದ ಕಪ್ಪಾಗುತ್ತದೆ. ಬಟ್ಟೆ ಬಿಚ್ಚಿ ಹಿಡಿದ ನೀರು ಇದ್ದಂತೆಯೇ ಇತ್ತು, ಬಟ್ಟೆಯಿಂದ ಬಂದ ನೀರು ಕಾಡಿಗೆಯಂತಾಯಿತು. ಅಮ್ಮ ಕೆಂಡವಾದಳು. ಬಾಟಲಿ ಅದಲುಬದಲಾಗಿದೆ, ಇದು ನಮ್ಮನೆ ನೀರೇ ಅಲ್ಲ ಎಂದಳು. ವಸುಧಾ ವಾದಕ್ಕಿಳಿಯಲಿಲ್ಲ, ಹೊಸ ಬಾಟಲಿಗಳನ್ನು ಕೊಟ್ಟು ನೀವೇ ಹಿಡಿಯಿರಿ ಎಂದಳು. ಅಮ್ಮ ತಾನೇ ಹಿಡಿದು, ಯಾರೂ ಮುಟ್ಟದಂತೆ ದೇವರ ಗೂಡಿನಲ್ಲಿಟ್ಟು ಕಾದಳು. ದೇವರೆದುರೇ ಬಟ್ಟೆಯ ನೀರು ಮತ್ತೆ ಕಪ್ಪಾಯಿತು. ಅಮ್ಮ ಬಟ್ಟೆ ಬಿಚ್ಚಿ ಎಸೆದಳು, ನೀರು ಕಾಯಿಸಲಿಟ್ಟಳು. ಆ ದಿನ ಅವಳು ಊಟ ಮಾಡಲಿಲ್ಲ.

ಮಗು ನಿಧಾನವಾಗಿ ಚೇತರಿಸಿಕೊಂಡಿತು. ಆದರೆ ತಿಲಕ್ ನಗರದಲ್ಲಿ ವಸುಧಾಳ ಮಾತಿಗೆ ಯಾರೂ ಬಟ್ಟೆ ಬಿಚ್ಚಲು ಒಪ್ಪಲಿಲ್ಲ. ನಮ್ಮನೆ ಗಲೀಜು ಅಂತೀಯಾ ಎಂದು ಮುನಿಸಿಕೊಂಡರಂತೆ. ಇದನ್ನು ಕೇಳಿದ ಅಮ್ಮ ಮರುದಿನ ಸೀರೆ ಬದಲಿಸಿ ಅವಳ ಜೊತೆ ಹೊರಟಳು. ಜಂಬದ ನಮ್ಮಮ್ಮ ಗುರುತಿಲ್ಲದವರ ಬಾಗಿಲಲ್ಲಿ ನಿಂತು ಹೇಳಿದ್ದನ್ನು ವಸುಧಾ ನನಗೆ ಆಮೇಲೆ ತಿಳಿಸಿದಳು.

“ನಾನೂ ಕಟ್ಟಿದ್ದೆ ಕಣಮ್ಮ. ನನ್ನ ಮೊಮ್ಮಗಳಿಗೆ ನನ್ನ ಕೈಯಾರೆ ಅದನ್ನೇ ಕುಡಿಸ್ತಿದ್ದೆ.”

ವಸುಧಾ ಈಗ ಆಫ್ರಿಕಾದ ಹಳ್ಳಿಗಳಲ್ಲಿ ಇದೇ ಕೆಲಸ ಮಾಡುತ್ತಾಳೆ. ವಾಸನೆಯ ನೆಪದಲ್ಲಿ ಇವತ್ತು ಅವಳಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿನ ತಾಯಂದಿರೂ ಮೊದಮೊದಲು ಮುನಿಸಿಕೊಳ್ಳುತ್ತಾರಂತೆ, ಆಗ ಅವರಿಗೆ ಅಮ್ಮನ ಕತೆ ಹೇಳುತ್ತಾಳಂತೆ. ಪಕ್ಕದಲ್ಲೇ ಕೂತಿದ್ದ ಅಮ್ಮ ಫೋನ್ ಕಿತ್ತುಕೊಂಡಳು. ದೇಶಾಂತರದಲ್ಲೂ ನನ್ನ ಮರ್ಯಾದೆ ಕಳೆದೆಯಲ್ಲ ಎಂದು ಬಯ್ಯುತ್ತಾಳೇನೋ ಎಂದು ನಾನು ಅಂಜಿದೆ.

“ಹೇಳು, ಪರವಾಗಿಲ್ಲ,” ಎಂದಳು ಅಮ್ಮ. “ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡ. ಆ ಮಗು ಈಗ ಅಜ್ಜಿಗಿಂತ ಎತ್ತರ ಬೆಳ್ದಿದಾಳೆ ಅಂತಾನೂ ಹೇಳು. ಪಾಪ, ಅವರಿಗೆ ರಾತ್ರಿ ನಿದ್ದೆ ಬರ್ಬೇಕಲ್ಲ.”