ಪಿಳ್ಳಪ್ಪನವರ ಸೀಮೆಸುಣ್ಣ

ತನ್ನ ಮಾಲಿನ ಐಬನ್ನು ತಾನೇ ಮೊದಲು ತೋರಿಸುವ ವ್ಯಾಪಾರಿ ಎಂದರೆ ನಾನು ಕಂಡಂತೆ ಪಿಳ್ಳಪ್ಪನವರೊಬ್ಬರೇ. ಕಿವಿಯ ಸಂದಿಯಲ್ಲಿ ಸದಾ ಒಂದು ತುಂಡು ಸೀಮೆಸುಣ್ಣ. ಕಾರ್ಖಾನೆಯವರು ಬೇಡವೆಂದು ಬದಿಗಿಟ್ಟ ಶೂ, ಚಪ್ಪಲಿಗಳನ್ನು ತಂದು ಯಲಹಂಕದಲ್ಲಿ ಅರ್ಧ ಬೆಲೆಗೆ ಮಾರುತ್ತಿದ್ದರು. ಹೊಲಿಗೆ ಸೊಟ್ಟಗಿದ್ದರೆ, ಅಂಟು ಮೆತ್ತಿಕೊಂಡಿದ್ದರೆ, ಅಲ್ಲಿಗೆ ಸೀಮೆಸುಣ್ಣದಲ್ಲಿ ಒಂದು ಸುತ್ತು. "ಇಲ್ಲಿ ಐಬೈತೆ ನೋಡಮ್ಮ, ಅದಕ್ಕೇ ಕಮ್ಮಿ" ಎಂದ ಮೇಲೆಯೇ ಬೆಲೆ ಹೇಳುವುದು.

ಕೊಳ್ಳುವವರು ಅದನ್ನು ಮೆಟ್ಟಿಕೊಂಡು ರಸ್ತೆಯಲ್ಲಿ ನಡೆದು ಬರುವ ತನಕ ದುಡ್ಡು ಮುಟ್ಟುತ್ತಿರಲಿಲ್ಲ. ಹಾಗೆ ನಡೆಯಲು ಹೋದವನೊಬ್ಬ ವಾಪಸು ಬರಲೇ ಇಲ್ಲ. ಅಟ್ಟೂರಿನಲ್ಲಿ ಅವರ ಪಕ್ಕದ ಮನೆಯವಳಾದ ನಾನು ಆಗ ಅಂಗಡಿಯಲ್ಲೇ ಇದ್ದೆ. ನನಗೆ ಮೈಯೆಲ್ಲ ಉರಿಯಿತು. ಅವರು ಮಾತ್ರ, "ಸೈಜು ಸರ್ಯಾಗ್ ಕೂತಿರ್ಬೇಕು ಬಿಡಮ್ಮ" ಎಂದು ನಕ್ಕರು.

ಆ ನಂಬಿಕೆಯ ಮೇಲೆಯೇ ತಣಿಸಂದ್ರ, ಆರ್.ಟಿ. ನಗರ, ಗೊರಗುಂಟೆಪಾಳ್ಯಗಳಲ್ಲೆಲ್ಲ ಅಂಗಡಿಗಳೆದ್ದವು. ಎಲ್ಲ ಕಡೆಯೂ ಬೋರ್ಡಿನ ಮೇಲೆ, ಶಟರಿನ ಮೇಲೆ ಅವರದೇ ಹೆಸರು. ಮಂಡಿ ನೋವು ಹೆಚ್ಚಾದಾಗ ಎಲ್ಲವನ್ನೂ ತಂಗಿಯ ಮಗ ಹರೀಶನ ಕೈಗೆ ಕೊಟ್ಟರು. ಅವನು ಮೊದಲು ಮಾಡಿದ ಕೆಲಸ ಅಂಗಡಿಗಳಲ್ಲಿದ್ದ ಸೀಮೆಸುಣ್ಣ ಎಸೆದದ್ದು. ಆಮೇಲೆ ಎಲ್ಲಿಂದಲೋ ಕಳಪೆ ಮಾಲು ತರಿಸಿ, ದುಪ್ಪಟ್ಟು ಬೆಲೆಯ ಚೀಟಿ ಅಂಟಿಸಿ, ಅದನ್ನೇ ಹೊಡೆದುಹಾಕಿ ಅರ್ಧ ಬೆಲೆ ಎಂದು ಬರೆಸಿದ. ಇದಕ್ಕೆ ರಿಯಾಯಿತಿ ಎನ್ನುತ್ತಾರೆಯೇ? ಹಗಲು ದರೋಡೆ ಅದು.

ಅಡಿ ಬಾಯಿಬಿಟ್ಟ ಶೂ ಹಿಡಿದು ಜನ ಪಿಳ್ಳಪ್ಪನವರ ಮನೆ ಬಾಗಿಲಿಗೇ ಬಂದು ಬೈಯತೊಡಗಿದರು. ಆ ಹಿರಿಯರು ಎಲ್ಲರೆದುರೂ ಕೈಮುಗಿದು ನಿಲ್ಲುತ್ತಿದ್ದರು. ತಮ್ಮ ಹೆಸರನ್ನಾದರೂ ತೆಗೆಸು ಎಂದು ಅವರು ಅಳಿಯನನ್ನು ಅಂಗಲಾಚಿದರು.

"ನಿಮ್ ಹೆಸ್ರಿಲ್ದಿದ್ರೆ ಯಾರ್ ಬರ್ತಾರೆ ಮಾವ?" ಎಂದ ಆ ಮಹಾಶಯ. ನಾನು ಹೋಗಿ ಜಗಳವಾಡಿದರೆ, ನನ್ನ ಕೈಗೆ ಎರಡು ಕೊಂಡರೆ ಒಂದು ಉಚಿತವೆಂಬ ಕೂಪನ್ ಕೊಟ್ಟು ಕಳಿಸಿದ.

ಜನ ಎಷ್ಟು ದಿನ ಮೋಸ ಹೋಗುತ್ತಾರೆ? ಒಂದೊಂದೇ ಅಂಗಡಿ ಮುಚ್ಚಿತು. ಹರೀಶ ಯಾವ ನಾಚಿಕೆಯೂ ಇಲ್ಲದೆ ಮೊಬೈಲ್ ಅಂಗಡಿ ತೆರೆದ.

ಯಲಹಂಕದ ಮೊದಲ ಅಂಗಡಿಯೂ ಮುಚ್ಚಿದಾಗ ಪಿಳ್ಳಪ್ಪನವರು ನನ್ನ ಸ್ಕೂಟರಿನಲ್ಲಿ ಅಲ್ಲಿಗೆ ಬಂದರು. ಕಿವಿಯ ಸಂದಿಯಿಂದ ಸೀಮೆಸುಣ್ಣ ತೆಗೆದು, ಶಟರಿನ ಮೇಲಿದ್ದ ತಮ್ಮ ಹೆಸರಿನ ಸುತ್ತ ನಿಧಾನವಾಗಿ ಗೆರೆ ಎಳೆದರು.

"ಐಬು ಇಲ್ಲೇ ಇರೋದು ಕಣಮ್ಮ. ಇದನ್ನ ನಂಬ್ಕೊಂಡೇ ಜನ ಮೋಸ ಹೋದ್ರು."

ಆಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ.

ತಿಥಿಯ ದಿನ ಮಾವನ ಫೋಟೋಗೆ ಎಲ್ಲರಿಗಿಂತ ದೊಡ್ಡ ಹಾರ ಹಾಕಿದವನು ಹರೀಶನೇ. ನನಗೆ ಅಲ್ಲಿ ಕೂರಲಾಗಲಿಲ್ಲ. ಎಲೆ ಹಾಕುವ ಮೊದಲೇ ಎದ್ದು ಯಲಹಂಕಕ್ಕೆ ಹೋಗಿ, ಶಟರಿನ ಮೇಲಿನ ಆ ಗೆರೆಯನ್ನು ಸೆರಗಿನಿಂದ ಪೂರಾ ಒರೆಸಿದೆ. ಐಬು ಆ ಹೆಸರಿನಲ್ಲಿ ಇರಲಿಲ್ಲ.